ಮೊದಲು ಎಣ್ಣೆ, ಆಮೇಲೆ ನೀರು

ಬಸವಣ್ಣನ ಗುಡಿ ಓಣಿ, ಬ್ಯಾಡಗಿ
೧೨ ಆಗಸ್ಟ್ ೨೦೨೪

ಶ್ರೀ ವಿಜಯಮಹಾಂತೇಶ ಅವರ ಧರ್ಮಪತ್ನಿ ಸೌ. ಶೈಲಶ್ರೀಗೆ,

ಹೋದ ವರ್ಷ ಮತ ಎಣಿಕೆಯ ದಿನ ಗುಡಿಯ ಕಟ್ಟೆಯ ಮೇಲೆ ನಿಂತು ನಾನು ಆಡಿದ್ದು ಊರಿಗೆಲ್ಲ ಗೊತ್ತು. ‘ಇನ್ನ ಮ್ಯಾಲ ಈ ಮಗಳ ಜೋಡಿ ಒಂದ ಮಾತು ಆಡಿದ್ರ ನನ್ನ ಹೆಸರು ನಿಜಲಿಂಗಪ್ಪನ ಅಲ್ಲ’ ಅಂದಿದ್ದೆ. ಆ ಮಾತು ಈಗಲೂ ಇದ್ದಲ್ಲೇ ಇದೆ. ಆದರೆ ನಾನು ಬಾಯಿ ಕಟ್ಟಿಕೊಂಡಿದ್ದೇನೆ, ಕೈ ಕಟ್ಟಿಕೊಂಡಿಲ್ಲ. ನಿನ್ನ ತಾಯಿ ಹೇಗೂ ಎರಡು ದಿನಕ್ಕೊಮ್ಮೆ ನಿನ್ನ ಮನೆಗೆ ರೊಟ್ಟಿ ಹೊತ್ತುಕೊಂಡು ಬರುತ್ತಾಳೆ, ಈ ಕಾಗದವನ್ನೂ ಹೊರಲಿ.

ಪುರಸಭೆಯಲ್ಲಿ ಮೂರು ಅವಧಿ ಈ ವಾರ್ಡಿನ ಸದಸ್ಯನಾಗಿದ್ದವನು ನಾನು. ನೀರಿನ ಟಾಕಿ ತಂದೆ, ಓಣಿಗೆ ಕಾಂಕ್ರೀಟು ಹಾಕಿಸಿದೆ, ಮೆಣಸಿನಕಾಯಿ ಪೇಟೆಯ ಮೂಲೆಯಲ್ಲಿ ಹೆಣ್ಣುಮಕ್ಕಳಿಗೆಂದು ಶೌಚಾಲಯ ಕಟ್ಟಿಸಿದೆ. ಸೀಟು ಹೆಂಗಸರಿಗೆ ಮೀಸಲು ಬಂದಾಗ ಮನೆಯ ಸೊಸೆಯನ್ನು ನಿಲ್ಲಿಸಿದೆ. ಹೆಸರು ಅವಳದು, ತಿಳಿವಳಿಕೆ ನನ್ನದು, ಅವಳು ಗೆದ್ದಿದ್ದರೆ ಊರ ಕೆಲಸ ತಪ್ಪದೆ ನಡೆಯುತ್ತಿತ್ತು. ನೀನು ಗಂಡನ ಮನೆಯಿಂದ ಎದ್ದು ಬಂದು ಅದೇ ಸೊಸೆಯ ಎದುರು ನಿಂತೆ, ಗೆದ್ದೆ. ಸೋತಿದ್ದು ಆ ಹುಡುಗಿಯಲ್ಲ, ನಾನು. ಅವಳಂತೂ ಅವತ್ತು ಹೋಳಿಗೆ ತಟ್ಟಿದಳು.

ಈಗ ಚಹಾದಂಗಡಿಯಲ್ಲಿ ಒಂದು ಸುದ್ದಿ ಕೇಳಿದೆ. ನಾನು ಕಟ್ಟಿಸಿದ ಶೌಚಾಲಯವನ್ನು ಕೆಡವಿ ಅಲ್ಲಿ ಅಂಗಡಿ ಮಳಿಗೆ ಕಟ್ಟುತ್ತಾರಂತೆ. ಅದರ ಗೋಡೆಯ ಕಲ್ಲಿನ ಮೇಲೆ ನನ್ನ ಹೆಸರಿದೆ. ಅಪ್ಪನನ್ನು ಸೋಲಿಸಿದ್ದು ಸಾಲದೆ ಹೆಸರನ್ನೂ ಅಳಿಸಬೇಕೆ?

ಇನ್ನೊಂದು. ನೀನು ಗೆದ್ದಾಗಿನಿಂದ ನಮ್ಮ ಮನೆ ಮುಂದಿನ ಬೀದಿದೀಪ ಹತ್ತುತ್ತಿಲ್ಲ. ಅದಕ್ಕೆ ನಾನು ಅರ್ಜಿ ಕೊಡುವುದಿಲ್ಲ. ನಾನು ಅರ್ಜಿ ತೆಗೆದುಕೊಂಡವನೇ ಹೊರತು ಕೊಟ್ಟವನಲ್ಲ.

ನಿಜಲಿಂಗಪ್ಪ
ಮಾಜಿ ಸದಸ್ಯ


ಗಿರಣಿ ಓಣಿ, ಬ್ಯಾಡಗಿ
೧೯ ಆಗಸ್ಟ್ ೨೦೨೪

ಪೂಜ್ಯ ಅಪ್ಪನಿಗೆ ಶೈಲಾ ಮಾಡುವ ನಮಸ್ಕಾರಗಳು.

ಕಾಗದ ಕೈಗೆ ಬಂತು. ಅವ್ವ ಅದನ್ನು ರೊಟ್ಟಿಯ ಗಂಟಿನಲ್ಲಿ ಸುತ್ತಿ ತಂದಿದ್ದಳು, ನಿಮ್ಮ ಸಿಟ್ಟಿಗೆ ಶೇಂಗಾ ಚಟ್ನಿಯ ವಾಸನೆ ಹತ್ತಿತ್ತು. ಆದರೂ ಎರಡು ಸಲ ಓದಿದೆ. ನೀವು ಮಾತು ಬಿಟ್ಟಾಗಿನಿಂದ ನಿಮ್ಮ ಒಂದು ಅಕ್ಷರಕ್ಕೂ ಗತಿಯಿಲ್ಲದೆ ಕೂತಿದ್ದೆ. ಬೈದಾದರೂ ಬರೆದಿರಲ್ಲ ಎಂದು ಖುಷಿಯಾಯಿತು.

ಮೊದಲು ದೀಪದ ವಿಷಯ. ವಾರ್ಡಿನಲ್ಲಿ ಕೆಟ್ಟ ದೀಪಗಳನ್ನು ಹಳ್ಳದ ಕಡೆಯಿಂದ ಸರತಿಯ ಮೇಲೆ ಸರಿಮಾಡಿಸುತ್ತ ಬರುತ್ತಿದ್ದೇನೆ. ನಿಮ್ಮ ಕಂಬ ಕೊನೆಯದು. ಅದನ್ನೇ ಮೊದಲು ಮಾಡಿಸಿದರೆ ‘ತವರುಮನಿಗೆ ಬೆಳಕು, ಊರಿಗೆ ಕತ್ತಲಿ’ ಎಂದು ಮಾತು ಹಬ್ಬಿಸುವವರು ನಿಮ್ಮ ಚಹಾದಂಗಡಿಯಲ್ಲೇ ಇದ್ದಾರೆ. ಅವಸರವಿದ್ದರೆ ವಾರ್ಡ್ ಸಭೆಗೆ ಬಂದು, ಎಲ್ಲರಂತೆ ಎದ್ದು ನಿಂತು, ಬಾಯಿಬಿಟ್ಟು ಹೇಳಬೇಕು. ನಿಯಮ ಎಲ್ಲರಿಗೂ ಒಂದೇ.

ಇನ್ನು ಶೌಚಾಲಯ. ಅದನ್ನು ಕೆಡವಬೇಕೆಂದವಳು ನಾನಲ್ಲ. ಬೇರೆ ಸದಸ್ಯರ ಠರಾವು ಅದು, ಡಿಸೆಂಬರಿನ ಪುರಸಭೆ ಸಭೆಯಲ್ಲಿ ಮತಕ್ಕೆ ಬರುತ್ತದೆ. ಉಪಯೋಗಕ್ಕೆ ಬಾರದ ಕಟ್ಟಡಕ್ಕಿಂತ ಬಾಡಿಗೆ ತರುವ ಮಳಿಗೆ ಲೇಸು ಎನ್ನುವುದು ಅವರ ವಾದ. ವಾದದಲ್ಲಿ ತಪ್ಪಿಲ್ಲ, ಏಕೆಂದರೆ ಅದಕ್ಕೆ ಬೀಗ ಬಿದ್ದು ವರ್ಷಗಳಾದವು. ಸುತ್ತ ಗೋದಾಮುಗಳಲ್ಲಿ ನೂರಾರು ಹೆಣ್ಣುಮಕ್ಕಳು ದಿನವಿಡೀ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ, ಬೀಗ ಬೀಳುವ ಮುಂಚೆಯೇ ಅವರೆಲ್ಲ ಅತ್ತ ಕಾಲಿಡುವುದು ಬಿಟ್ಟಿದ್ದರು. ಯಾಕೆ ಅಂತ ಎಂದಾದರೂ ಕೇಳಿದ್ದೀರಾ ಅಪ್ಪಾ?

ಕಾರಣ ನನಗೆ ಗೊತ್ತು. ಆದರೆ ಅದು ಮಗಳು ಅಪ್ಪನಿಗೆ ಹೇಳುವಂಥ ಮಾತಲ್ಲ. ಸದಸ್ಯೆ ಸದಸ್ಯರಿಗೆ ಹೇಳುವ ಮಾತೂ ಅಲ್ಲ. ಅದೇ ನನ್ನ ಕಷ್ಟವಾಗಿದೆ. ನಾನು ಗೆದ್ದು ಮಾಡಬೇಕೆಂದುಕೊಂಡ ಮೊದಲ ಕೆಲಸ ಇದು. ಇದೊಂದಾಗದಿದ್ದರೆ ಮಿಕ್ಕಿದ್ದೆಲ್ಲ ಮಾಡಿಯೂ ಮಾಡದ ಹಾಗೆ.

ನಿಮ್ಮ ಮಗಳು
ಶೈಲಾ


ಬಸವಣ್ಣನ ಗುಡಿ ಓಣಿ
೨ ಸೆಪ್ಟೆಂಬರ್ ೨೦೨೪

ವಿಜಯಮಹಾಂತೇಶ ಅವರ ಧರ್ಮಪತ್ನಿಗೆ,

ಯಾಕೆ ಬಳಸುವುದಿಲ್ಲ ಎಂದು ಕೇಳಿದ್ದೀ. ಜನಕ್ಕೆ ಉಪಕಾರದ ನೆನಪಿಲ್ಲ, ಅದಕ್ಕೆ. ನೆಲಕ್ಕೆ ಬಿಳಿ ಫರಸಿ ಹಾಕಿಸಿದ್ದೆ. ಒಳಗೇ ನಲ್ಲಿ ಕೂಡಿಸಿದ್ದೆ. ಉದ್ಘಾಟನೆಯ ದಿನ ಪೇಡೆ ಹಂಚಿದ್ದೆ. ಪೇಡೆ ತಿಂದವರು ವಾರ ಕಳೆಯುವುದರೊಳಗೆ ಬರುವುದು ಬಿಟ್ಟರು. ನಾನು ಕೇಳಿದರೆ ಸೆರಗು ಬಾಯಿಗೆ ಹಿಡಿದು ನಕ್ಕರು. ಮಂಗ್ಯಾನ ಕೈಯಾಗ ಮಾಣಿಕ ಕೊಟ್ಟಂಗ ಆಯ್ತು ಎಂದು ಬೀಗ ಹಾಕಿಸಿದೆ.

ಹೇಳಲಾಗದ ಕಾರಣ ಎಂದು ಬರೆದಿದ್ದೀ. ಹೇಳಲಾಗದ ಕಾರಣ ಕಾರಣವೇ ಅಲ್ಲ. ನನ್ನ ಕಾಲದಲ್ಲಿ ಅಧಿಕಾರಿಗಳು ಹೀಗೆ ನುಣುಚಿಕೊಂಡರೆ ‘ಕಾರಣ ಬರೆದು ಕೊಡ್ರಿ’ ಎಂದು ಕೂಡಿಸುತ್ತಿದ್ದೆ. ನಿನಗೂ ಅದೇ ಹೇಳುತ್ತೇನೆ. ಬಾಯಿಂದ ಹೇಳಲು ಬಾರದಿದ್ದರೆ ಬರೆದು ಕೊಡು.

ನಿಜಲಿಂಗಪ್ಪ
ಮಾಜಿ ಸದಸ್ಯ

(ಶೈಲಾ, ಕೆಳಗಿನದು ನಾನು ಬರೆದಿದ್ದು. ಇವರು ಈ ಕಾಗದವನ್ನು ಮೂರು ಸಲ ಹರಿದು ಬರೆದರು. ‘ನಲ್ಲಿ ಒಳಗ ಇತ್ತಲ್ಲ, ಮತ್ತೇನ ಬೇಕಾಗಿತ್ತಂತ ಅವ್ರಿಗೆ’ ಎಂದು ನನ್ನನ್ನು ಕೇಳಿದರು. ನಾನೂ ಸೆರಗು ಬಾಯಿಗೆ ಹಿಡಿದೆ. ಚುನಾವಣೆಯಲ್ಲಿ ನಾನು ಯಾರಿಗೆ ಓಟು ಹಾಕಿದೆ ಎಂದು ಇನ್ನೂ ಕೇಳಿಲ್ಲ, ಕೇಳುವ ಧೈರ್ಯ ಅವರಿಗಿಲ್ಲ. — ಪ್ರೇಮವ್ವ)


ಗಿರಣಿ ಓಣಿ
೨೪ ನವೆಂಬರ್ ೨೦೨೪

ಪೂಜ್ಯ ಅಪ್ಪನಿಗೆ,

ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಸಿಟ್ಟಿನಿಂದಲ್ಲ. ಪ್ರತಿ ಸಲ ಪೆನ್ನು ಹಿಡಿದಾಗಲೂ ನಾಚಿಕೆಯಾಗಿ ಎದ್ದು ಹೋಗುತ್ತಿದ್ದೆ. ಈಗ ಪೇಟೆಗೆ ಹೊಸ ಕಾಯಿ ಬರಲು ಶುರುವಾಗಿದೆ, ಠರಾವಿನ ಸಭೆಯೂ ಹತ್ತಿರ ಬಂತು. ಇನ್ನು ನಾಚಿಕೊಂಡು ಕೂತರೆ ಕೆಲಸ ಕೆಡುತ್ತದೆ. ಕಾರಣ ಬರೆದು ಕೊಡು ಎಂದಿರಲ್ಲ, ತಗೊಳ್ಳಿ.

ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷ ನಮ್ಮ ಖಾರಪುಡಿ ಗಿರಣಿಯಲ್ಲಿ ಆಳು ಸಾಲದೆ ನಾನೂ ಹೆಂಗಸರ ಜೊತೆ ತೊಟ್ಟು ಮುರಿಯಲು ಕೂತೆ. ದಲಾಲಿ ಅಂಗಡಿಯ ಮಗಳು, ಕಾಯಿಯ ರಾಶಿಯ ಮೇಲೆ ಉರುಳಾಡಿ ಬೆಳೆದವಳು, ನನಗೇನು ಗೊತ್ತಿಲ್ಲ ಎಂಬ ಜಂಬ. ಮಧ್ಯಾಹ್ನ ಹಿತ್ತಲಿಗೆ ಹೋಗಿ ಬಂದೆ. ಆಮೇಲೆ ಸಂಜೆವರೆಗೂ ಕೂರಲಿಲ್ಲ, ನಿಲ್ಲಲಿಲ್ಲ, ಯಾರಿಗೂ ಹೇಳಲಿಲ್ಲ. ಅತ್ತೆ ನನ್ನ ಮುಖ ನೋಡಿ ಸುಮ್ಮನೆ ಎಣ್ಣೆಯ ಬಟ್ಟಲು ತಂದಿಟ್ಟರು. ಅಷ್ಟರಿಂದಲೇ ನನಗೆ ತಿಳಿಯಿತು, ಇದು ಎಲ್ಲರಿಗೂ ಆಗುತ್ತದೆ, ಯಾರೂ ಬಾಯಿ ಬಿಡುವುದಿಲ್ಲ.

ದಿನವಿಡೀ ಕಾಯಿ ಮುರಿದ ಕೈ ಖಾರದ ಕೈ ಅಪ್ಪಾ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನೀವು ಹೇಳಬಹುದು. ಈಗ ಹೊರಗಿನಿಂದ ಬರುವ ತಳಿಗಳ ಖಾರ ನಿಮಗೇ ಗೊತ್ತು. ಬರೀ ನೀರಿಗೆ ಅದು ಹೋಗುವುದಿಲ್ಲ. ಮೊದಲು ಎಣ್ಣೆ ಹಚ್ಚಿ ತಿಕ್ಕಬೇಕು, ಆಮೇಲೆ ಸಾಬೂನು, ಆಮೇಲೆ ನೀರು. ಊರಮಂದಿಯೆಲ್ಲ ಹೋಗಿ ಬಂದು ಕೈ ತೊಳೆಯುತ್ತಾರೆ. ನಮ್ಮ ಪೇಟೆಯ ಹೆಂಗಸು ಹೋಗುವ ಮುಂಚೆ ತೊಳೆಯಬೇಕು. ನೀವು ನಲ್ಲಿ ಕೂಡಿಸಿದ್ದು ಒಳಗೆ, ಹಿಂದಿನ ಗೋಡೆಗೆ. ಅಲ್ಲಿಗೆ ಮುಟ್ಟುವುದರೊಳಗೆ ಚಿಲಕ ಮುಟ್ಟಬೇಕು, ಚೊಂಬು ಹಿಡಿಯಬೇಕು. ಒಬ್ಬಳ ಕೈಯ ಖಾರ ಚೊಂಬಿಗೆ, ಚೊಂಬಿನಿಂದ ಮುಂದಿನವಳ ಕೈಗೆ. ಇದಕ್ಕಿಂತ ಬಿಡಿಸಿ ಬರೆಯಲಾರೆ. ನಿಮ್ಮ ಪೇಡೆ ತಿಂದ ವಾರ ಅವರು ಪಟ್ಟ ಪಾಡು ನೀವೇ ಊಹಿಸಿಕೊಳ್ಳಿ.

ನಿಮ್ಮ ಅಂಗಡಿಯಲ್ಲಿ ತೊಟ್ಟು ಮುರಿಯುತ್ತಿದ್ದ ಮೈಮುನಾಬಿ ಈಗ ನಮ್ಮ ಗಿರಣಿಯಲ್ಲಿದ್ದಾಳೆ. ಅಪ್ಪನಿಗೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಏನಂತ ಹೇಳೂನವ್ವಾ? ಸಾಹುಕಾರ್ರ, ನೀವು ಕಟ್ಟಿಸಿದ್ದು ಭಾಳ ಚೊಲೋ ಐತ್ರಿ, ಆದ್ರ ಉರೀತೈತ್ರಿ ಅಂತ ಹೇಳೂನೇನ?’ ಎಂದಳು. ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಅವಳೇ ಮೆಲ್ಲಗೆ ಹೇಳಿದಳು, ‘ಮುಂಜಾನಿಂದ ಸಂಜಿತನಕ ನೀರ ಕುಡಿಯಂಗಿಲ್ಲವ್ವಾ ನಾವು. ಕುಡದ್ರ ಹೋಗಬೇಕಾಕ್ಕೈತಿ.’

ನೀರು ಕುಡಿಯದೆ ಕೂತು ಕೂತು ಅವರಲ್ಲಿ ಎಷ್ಟೋ ಮಂದಿ ದವಾಖಾನೆ ಕಂಡಿದ್ದಾರೆ. ಬಾಗಿಲ ಮುಂದೆ ಒಂದು ತೊಟ್ಟಿ, ಒಂದು ಎಣ್ಣೆಯ ಬಟ್ಟಲು, ಸಾಬೂನು ಇಟ್ಟರೆ ಮುಗಿಯಿತು, ಕೆಡವುವುದೇ ಬೇಡ. ಆದರೆ ಅಷ್ಟನ್ನು ಸಭೆಯಲ್ಲಿ ಹೇಳಿದರೆ, ಬೀಗ ಬಿದ್ದ ಕಟ್ಟಡಕ್ಕೆ ಮತ್ತೇಕೆ ತೊಟ್ಟಿ ಎಂದು ಕೇಳುತ್ತಾರೆ. ಅಷ್ಟು ಗಂಡಸರ ಮುಂದೆ ನಿಂತು ಈ ಕಾರಣವನ್ನು ಹೇಗೆ ಹೇಳಲಿ? ಠರಾವು ಪಾಸಾದರೆ ಆ ಜಾಗಕ್ಕೆ ಮಳಿಗೆಗಳು ಬಂದುಬಿಡುತ್ತವೆ. ಆಮೇಲೆ ಈ ಹೆಣ್ಣುಮಕ್ಕಳಿಗೆ ಪೇಟೆಯಲ್ಲಿ ಅಂಗೈಯಗಲ ಜಾಗವೂ ಸಿಗುವುದಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಸರ ಬೇಡ. ಎದುರಿಗೆ ಕೂತು ಹೇಳು ಎಂದಿದ್ದರೆ ಇದನ್ನು ನಿಮಗೆ ಏಳು ಜನ್ಮಕ್ಕೂ ಹೇಳುತ್ತಿರಲಿಲ್ಲ. ನೀವು ಮಾತು ಬಿಟ್ಟಿದ್ದು ಇದೊಂದಕ್ಕೆ ಒಳ್ಳೆಯದಾಯಿತು. ಆದರೂ ನಿಮ್ಮ ದನಿ ಕೇಳಬೇಕು ಅನ್ನಿಸುತ್ತದೆ ಅಪ್ಪಾ. ದಿನಾ ಅನ್ನಿಸುತ್ತದೆ.

ನಿಮ್ಮ ಮಗಳು
ಶೈಲಾ


ಬಸವಣ್ಣನ ಗುಡಿ ಓಣಿ
೩ ಡಿಸೆಂಬರ್ ೨೦೨೪

ಧರ್ಮಪತ್ನಿಗೆ,

ಎಣ್ಣೆ ಯಾವುದು? ಶೇಂಗಾ ಎಣ್ಣೆಯೋ, ಕೊಬ್ಬರಿ ಎಣ್ಣೆಯೋ?

ನಿಜಲಿಂಗಪ್ಪ


ಗಿರಣಿ ಓಣಿ
೪ ಡಿಸೆಂಬರ್ ೨೦೨೪

ಅಪ್ಪಾ,

ಯಾವುದಾದರೂ ನಡೆಯುತ್ತದೆ. ಕೆಲವರು ಮಜ್ಜಿಗೆ ಅನ್ನುತ್ತಾರೆ. ಯಾಕೆ ಕೇಳಿದಿರಿ?

ಶೈಲಾ


ಬಸವಣ್ಣನ ಗುಡಿ ಓಣಿ
೧೧ ಡಿಸೆಂಬರ್ ೨೦೨೪

ಚಿರಂಜೀವಿ ಶೈಲಾಗೆ ನಿನ್ನ ಅವ್ವನ ಆಶೀರ್ವಾದಗಳು.

ಮೊಣಕಾಲು ಹಿಡಿದುಕೊಂಡಿದೆ, ನಾಲ್ಕು ದಿನ ನಿನ್ನ ಮನೆಗೆ ಬರಲಾರೆ. ಬರುವತನಕ ತಡೆದುಕೊಂಡರೆ ನನ್ನ ಹೊಟ್ಟೆ ಒಡೆಯುತ್ತದೆ, ಅದಕ್ಕೆ ಬರೆದು ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹರಿದು ಹಾಕು.

ನಿನ್ನ ದೊಡ್ಡ ಕಾಗದ ಬಂದ ದಿನ ನಿನ್ನಪ್ಪ ಊಟ ಮಾಡಲಿಲ್ಲ. ಮರುದಿನ ಅಂಗಡಿಗೆ ಹೋದವರು ಸುಮ್ಮನೆ ಗಾದಿಯ ಮೇಲೆ ಕೂತರಂತೆ. ಆಮೇಲೆ ಒಂದು ದಿನ, ಮೊನ್ನೆ ಸೋಮವಾರ, ಮುನೀಮನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಒಂದು ಚೀಲ ಕಾಯಿ ಸುರುವಿಕೊಂಡು ತೊಟ್ಟು ಮುರಿಯಲು ಕೂತಿದ್ದಾರೆ. ಈ ವಯಸ್ಸಿನಲ್ಲಿ! ಅದೂ ಖಾರದ ತಳಿಯ ಕಾಯಿಯನ್ನೇ ಆರಿಸಿದ್ದಾರೆ. ಮಧ್ಯಾಹ್ನದವರೆಗೆ ಮುರಿದು ಮನೆಗೆ ಬಂದರು, ಮಾತಿಲ್ಲ ಕತೆಯಿಲ್ಲ, ನೇರ ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ‘ಪ್ರೇಮಾ, ಸತ್ನೆಲೇ, ಎಣ್ಣಿ ತಾ’ ಎಂದು ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ನಾನು ಬಾಗಿಲ ಹೊರಗೆ ನಿಂತು, ‘ಯಾವ ಎಣ್ಣಿರಿ, ಶೇಂಗಾದೋ ಕೊಬ್ಬರಿದೋ’ ಎಂದೆ. ನಗು ತಡೆಯಲಾಗಲಿಲ್ಲ ಮಗಳೇ, ಏನು ಮಾಡಲಿ. ಮಂಗಳವಾರ ಮತ್ತೆ ಹೋಗಿ ಮುರಿದರು, ಬಂದು ಕೊಬ್ಬರಿ ಎಣ್ಣೆ ನೋಡಿದರು. ಇವತ್ತು ಬುಧವಾರ ಮಜ್ಜಿಗೆ. ‘ಶೇಂಗಾ ಎಣ್ಣಿನ ಬೆಸ್ಟ್’ ಎಂದು ಕಡೆಗೆ ತೀರ್ಪು ಕೊಟ್ಟರು. ಆಮೇಲೆ ತೂಗುಮಂಚದ ಮೇಲೆ ಕೂತು ಬಹಳ ಹೊತ್ತು ಕೈ ನೋಡಿಕೊಂಡರು. ‘ಅವತ್ತ ನೀನರೆ ಹೇಳಬಾರದೇನಲೇ’ ಎಂದರು. ನಾನೂ ಆಗ ಹೇಳಲಿಲ್ಲವಲ್ಲ, ಹೋಗಿ ಎಣ್ಣೆಯ ಬಟ್ಟಲು ತುಂಬಿ ತಂದಿಟ್ಟೆ.

ಅವ್ವ
ಪ್ರೇಮವ್ವ


ಗಿರಣಿ ಓಣಿ
೨೨ ಡಿಸೆಂಬರ್ ೨೦೨೪

ಪೂಜ್ಯ ಅಪ್ಪನಿಗೆ,

ಗೆದ್ದೆವು! ಠರಾವು ಬಿತ್ತು, ನಿಮ್ಮ ಕಟ್ಟಡ ಉಳಿಯಿತು, ಬಾಗಿಲ ಮುಂದೆ ತೊಟ್ಟಿಗೆ ಒಪ್ಪಿಗೆಯೂ ಸಿಕ್ಕಿತು. ಚಹಾದಂಗಡಿಯವರು ಉಪ್ಪು ಖಾರ ಹಚ್ಚಿ ಹೇಳುವ ಮುಂಚೆ ನಾನೇ ಬರೆಯುತ್ತೇನೆ. ಈ ಸುದ್ದಿಯಲ್ಲಿ ಖಾರವಂತೂ ಮೊದಲೇ ಇದೆ.

ಸಭೆಗೆ ಹೋಗುವಾಗ ನಾನು ಒಂದು ಬುಟ್ಟಿ ಕಾಯಿ ಒಯ್ದೆ. ಯಾವ ಕಾಯಿ ಎಂದು ನಿಮಗೆ ಹೇಳಬೇಕಾಗಿಲ್ಲ. ಈ ಉಪಾಯ ಎಲ್ಲಿಂದ ಬಂತು ಎಂದು ಕೇಳಬೇಡಿ, ಒಂದು ಕಾಗದವನ್ನು ಹರಿದು ಹಾಕುತ್ತೇನೆಂದು ಮಾತು ಕೊಟ್ಟಿದ್ದೇನೆ. ಪ್ರತಿಯೊಬ್ಬ ಸದಸ್ಯರ ಮುಂದೆ ಒಂದೊಂದು ಹಿಡಿ ಕಾಯಿ ಇಟ್ಟು, ‘ಮಾತು ಮುಗಿಯೂತನಕ ಸುಮ್ನ ಕುಂದ್ರಬ್ಯಾಡ್ರಿ, ತೊಟ್ಟು ಮುರೀರಿ’ ಎಂದೆ. ಬ್ಯಾಡಗಿಯವರ ಮುಂದೆ ಕಾಯಿ ಇಟ್ಟರೆ ಕೈ ಸುಮ್ಮನಿರುತ್ತದೆಯೇ? ನಗುತ್ತ ನಗುತ್ತ ಎಲ್ಲರೂ ಮುರಿದರು. ಹಿಂದಿನ ವಿಷಯಗಳ ಚರ್ಚೆ ನಡೆಯಿತು, ಚಹಾ ಬಂತು, ಮತ್ತೊಮ್ಮೆ ಬಂತು. ಎರಡನೇ ಸಲ ನಾನೇ ತರಿಸಿದ್ದು.

ನಮ್ಮ ವಿಷಯ ಬಂದಾಗ ಎದ್ದು ನಿಂತೆ. ಎದುರಿಗೆ ಅಷ್ಟೂ ಗಂಡಸರು. ಆದರೆ ನಿಮಗೊಮ್ಮೆ ಬರೆದುಬಿಟ್ಟಿದ್ದೆನಲ್ಲ, ನಿಮಗೆ ಹೇಳಿದ ಮೇಲೆ ಇನ್ನಾರಿಗೆ ಹೆದರಬೇಕು ಎಂದುಕೊಂಡೆ. ‘ಈಗ ಯಾರಿಗಿ ಹೊರಗ ಹೋಗೂದು ಬಂದೈತಿ, ಅವರು ಹೋಗಿ ಬರ್ರಿ’ ಎಂದೆ. ಯಾರೂ ಏಳಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕೈ ನೋಡಿಕೊಂಡರು. ‘ಯಾಕ್ರಿ, ಎರಡು ಸಲ ಚಹಾ ಕುಡದೀರಿ, ಹೋಗಿ ಬರ್ರಲ್ಲ’ ಎಂದೆ. ಮೂಲೆಯಲ್ಲಿದ್ದ ಮೈಲಾರೆಪ್ಪ ಎದ್ದವನು ಕೈ ನೋಡಿಕೊಂಡು ಮತ್ತೆ ಕೂತ. ಆಮೇಲೆ ನಾನು ಎಲ್ಲವನ್ನೂ ಹೇಳಿದೆ, ಚಿಲಕದಿಂದ ಚೊಂಬಿನತನಕ. ಯಾರೂ ನಗಲಿಲ್ಲ ಅಪ್ಪಾ. ಅವರ ಮನೆಗಳಲ್ಲೂ ತೊಟ್ಟು ಮುರಿದ ಅವ್ವಂದಿರಿದ್ದಾರೆ.

ಮಳಿಗೆಯ ಠರಾವು ತಂದಿದ್ದ ಕಲ್ಲೇಶನೇ ಎದ್ದ. ‘ನಮ್ಮವ್ವ ಮೂವತ್ತು ವರ್ಷ ಮುರದಾಳ್ರಿ. ಒಂದಿನಾನೂ ಹೇಳಲಿಲ್ಲ’ ಎಂದ, ಅಷ್ಟೇ. ಆಮೇಲೆ ಠರಾವನ್ನು ತಾನೇ ಹಿಂದಕ್ಕೆ ಪಡೆದ. ಉಳಿದವರೆಲ್ಲ ಮೇಜು ಗುದ್ದಿದರು. ಗುದ್ದಿದ ಕೈಯಿಂದ ಕಣ್ಣು ಒರೆಸಿಕೊಂಡವರ ಪಾಡು ಬೇರೆ ಹೇಳುತ್ತೇನೆ.

ಹಾವೇರಿಯ ಜಿಲ್ಲಾ ಕಚೇರಿಗೆ ಹೋಗಿ ಮಂಜೂರಾತಿಯ ಕಾಗದವನ್ನೂ ತಂದಾಯಿತು. ಬಸ್ಸಿನಲ್ಲಿ ಬರುವಾಗ ಒಬ್ಬಳೇ ನಗುತ್ತಿದ್ದೆ, ಪಕ್ಕದವರು ಸರಿದು ಕೂತರು.

ನಿಮ್ಮ ಮಗಳು
ಶೈಲಾ


ಬಸವಣ್ಣನ ಗುಡಿ ಓಣಿ
೬ ಜನವರಿ ೨೦೨೫

ಧರ್ಮಪತ್ನಿಗೆ,

ಸುದ್ದಿ ತಿಳಿಯಿತು. ನನ್ನ ಮೂರು ಅವಧಿಯಲ್ಲಿ ಸಭೆಯಲ್ಲಿ ಎಂದೂ ಯಾರೂ ಎರಡು ಸಲ ಚಹಾ ಕೊಟ್ಟದ್ದಿಲ್ಲ. ಖರ್ಚು ಯಾರದು?

ತಿರುಗಿಸುವ ನಲ್ಲಿ ಕೂಡಿಸಬೇಡ. ಅದನ್ನೂ ಖಾರದ ಕೈಯಿಂದಲೇ ತಿರುಗಿಸಬೇಕಾಗುತ್ತದೆ, ಮತ್ತೆ ಅದೇ ಹಣೆಬರಹ. ಕಾಲಿನಿಂದ ಒತ್ತುವ ನಲ್ಲಿ ಸಿಗುತ್ತವೆ. ರಾಣೆಬೆನ್ನೂರಿಗೆ ಹೋಗಿ ಕಣ್ಣಾರೆ ನೋಡಿ ಬಂದೆ, ವಿಳಾಸ ಹಿಂದಿನ ಬದಿಗೆ ಬರೆದಿದ್ದೇನೆ. ಚೊಂಬು ತೆಗೆದು ಪೈಪು ಹಾಕಿಸು. ಒಳಗಿನ ಚಿಲಕ ಮೊಣಕೈಯಿಂದ ಸರಿಯುವಂಥದ್ದು ಇರಲಿ. ತೊಟ್ಟಿ ಬಹಳ ಎತ್ತರ ಬೇಡ, ಮೈಮುನಾಬಿ ಗಿಡ್ಡಿ.

ಎಣ್ಣೆಯ ಚಿಂತೆ ನಿನಗೆ ಬೇಡ. ಅದು ಬರುತ್ತದೆ.

ಗೋಡೆಯ ಮೇಲಿನ ನನ್ನ ಹೆಸರಿನ ಕಲ್ಲನ್ನು ಬೇಕಾದರೆ ತೆಗೆದುಹಾಕು. ದೀಪ ಇನ್ನೂ ಹತ್ತಿಲ್ಲ.

ನಿಜಲಿಂಗಪ್ಪ


ಗಿರಣಿ ಓಣಿ
೧೭ ಮಾರ್ಚ್ ೨೦೨೫

ನನ್ನ ಅವ್ವನಿಗೆ,

ನೀನು ಕರ್ಜಗಿಯಲ್ಲಿ ಚಿಕ್ಕವ್ವನ ಮೊಮ್ಮಗಳ ಬಾಣಂತನದಲ್ಲಿ ಎಣ್ಣೆ ನೀರು ಎರೆಯುತ್ತ ಕೂತಿದ್ದೀ, ಇಲ್ಲಿ ನಡೆಯಬಾರದ್ದೆಲ್ಲ ನಡೆದುಹೋಯಿತು. ಫೋನು ಮಾಡಿ ಹೇಳಬಹುದಿತ್ತು. ಆದರೆ ಫೋನಿನ ಮಾತು ಅಲ್ಲೇ ಮುಗಿಯುತ್ತದೆ. ಇಷ್ಟು ದಿನ ನಮ್ಮ ಕಾಗದ ಹೊತ್ತವಳು ನೀನು, ಕೊನೆಯದೊಂದು ನಿನಗೇ ಬರಲಿ.

ಗುರುವಾರ ಬೀಗ ತೆಗೆದೆವು. ರಿಬ್ಬನ್ನು ಕಟ್ಟಲಿಲ್ಲ, ಖಾರದ ಕೈಯವರಿಗೆ ಕತ್ತರಿ ಯಾಕೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಮೊದಲು ಎಣ್ಣೆ, ಆಮೇಲೆ ಸಾಬೂನು, ಆಮೇಲೆ ನೀರು, ಆಮೇಲೆ ಒಳಗೆ’ ಎಂದು ಬರೆಸಿದ್ದೇನೆ. ಅಪ್ಪನ ಹೆಸರಿನ ಕಲ್ಲು ಅಲ್ಲೇ ಇದೆ, ತೊಳೆಸಿ ಅಕ್ಷರಗಳಿಗೆ ಹೊಸ ಬಣ್ಣ ತುಂಬಿಸಿದೆ. ಮುಂಜಾನೆ ಹೋಗಿ ನೋಡಿದರೆ ತೊಟ್ಟಿಯ ಹತ್ತಿರ ಶೇಂಗಾ ಎಣ್ಣೆಯ ಡಬ್ಬಿ ತಾನಾಗಿಯೇ ಬಂದು ಕೂತಿತ್ತು. ಯಾರು ಇಟ್ಟರು ಎಂದು ಯಾರೂ ಕೇಳಲಿಲ್ಲ.

ಮೊದಲು ಮೈಮುನಾಬಿ ಹೋದಳು. ಎಣ್ಣೆ ಹಚ್ಚಿ ತಿಕ್ಕಿದಳು, ಸಾಬೂನು ಹಚ್ಚಿದಳು, ಕಾಲಿನಿಂದ ಒತ್ತಿದಾಗ ನೀರು ಬಂದಿದ್ದಕ್ಕೆ ಬೆಚ್ಚಿ ನಕ್ಕಳು, ಒಳಗೆ ಹೋದಳು. ನಾವೆಲ್ಲ ಹೊರಗೆ ಉಸಿರು ಹಿಡಿದು ನಿಂತೆವು. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಅಪ್ಪ ಕೈಕಟ್ಟಿ ನಿಂತಿದ್ದರು, ಸುಮ್ಮನೆ ಆಕಾಶ ನೋಡಲು ಬಂದವರ ಹಾಗೆ. ಬಾಗಿಲು ತೆರೆಯಿತು. ಮೈಮುನಾಬಿ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಮೇಲೆತ್ತಿ, ‘ಉರಿ ಇಲ್ರೇ! ಏನೂ ಉರಿ ಇಲ್ಲ!’ ಎಂದು ಪೇಟೆಗೇ ಕೇಳುವಂತೆ ಕೂಗಿದಳು. ಗೋದಾಮುಗಳಿಂದ ಹೆಣ್ಣುಮಕ್ಕಳು ಕಾಯಿ ಬಿಟ್ಟು ಎದ್ದು ಬಂದರು. ಚಪ್ಪಾಳೆ, ಸಿಳ್ಳು, ಸರತಿ ಅಂಗಡಿ ಸಾಲಿನ ತುದಿಯತನಕ ಹೋಯಿತು. ಸಂಜೆ ಗಿರಣಿಯಲ್ಲಿ ನೀರಿನ ಕೊಡ ಖಾಲಿಯಾಗಿತ್ತು ಅವ್ವಾ. ನಾನು ಬಂದಾಗಿನಿಂದ ಆ ಕೊಡ ಖಾಲಿಯಾಗಿದ್ದನ್ನು ಕಂಡಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು.

ಮೈಮುನಾಬಿ ಕೂಗಿದಾಗ ಅಪ್ಪನ ಕಡೆ ತಿರುಗಿ ನೋಡಿದ್ದೆ. ಅವರು ಒಳಗೆ ಹೋಗಿಬಿಟ್ಟಿದ್ದರು. ಊರೆಲ್ಲ ಗೆದ್ದರೂ ಮನೆಯ ಒಂದು ಬಾಗಿಲು ತೆರೆಯಲಿಲ್ಲವಲ್ಲ ಎಂದು ಅವತ್ತು ನನಗೆ ನಿದ್ದೆ ಹತ್ತಲಿಲ್ಲ.

ನಿನ್ನೆ ಭಾನುವಾರ ಶಾಲೆಯ ಅಂಗಳದಲ್ಲಿ ವಾರ್ಡ್ ಸಭೆ ಇತ್ತು. ಎಂದಿಗಿಂತ ಹೆಚ್ಚು ಹೆಂಗಸರು ಬಂದಿದ್ದರು. ಚರಂಡಿ, ಹಂದಿಯ ಕಾಟ, ಕಸದ ಗಾಡಿ ಎಲ್ಲ ಆಯಿತು. ‘ಇನ್ಯಾರರೆ ಅದೀರೇನ್ರಿ’ ಎಂದೆ. ಹಿಂದಿನ ಸಾಲಿನಲ್ಲಿ ಒಂದು ಬಿಳಿ ಟೊಪ್ಪಿಗೆ ಎದ್ದಿತು.

ನನ್ನ ಕೈಯಲ್ಲಿದ್ದ ಮೈಕು ಜಾರಿತು. ಕೂತವರೆಲ್ಲ ಹಿಂದಕ್ಕೆ ತಿರುಗಿದರು. ಗುಡಿಯ ಕಟ್ಟೆಯ ಮಾತು ಕೇಳಿದವರೆಲ್ಲ ಅಲ್ಲೇ ಇದ್ದರು.

ಎದ್ದವರು ಅಪ್ಪ. ‘ಮಾನ್ಯ ಸದಸ್ಯರ,’ ಎಂದರು. ಹೌದು ಅವ್ವಾ, ವಿಜಯಮಹಾಂತೇಶನ ಹೆಂಡತಿ ಅನ್ನಲಿಲ್ಲ, ಮಾನ್ಯ ಸದಸ್ಯರ ಅಂದರು. ‘ಬಸವಣ್ಣನ ಗುಡಿ ಓಣ್ಯಾಗ ಬೀದಿದೀಪ ಹತ್ತವಲ್ದರಿ. ಭಾಳ ದಿನ ಆತು. ಲಗೂನ ನೋಡ್ರಿ.’

ನನಗೆ ಕಣ್ಣು ಮಂಜಾಗಿ ಎದುರಿಗಿದ್ದವರು ಕಾಣದಾದರು. ಓಡಿ ಹೋಗಿ ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ಅವರು ಸದಸ್ಯೆಯೊಂದಿಗೆ ಮಾತಾಡಲು ಬಂದಿದ್ದರು, ಸದಸ್ಯೆಯಾಗಿಯೇ ಉತ್ತರ ಕೊಡಬೇಕಿತ್ತು. ಪಕ್ಕದಲ್ಲಿ ನಡಾವಳಿ ಬರೆಯುತ್ತಿದ್ದ ಗುಮಾಸ್ತರು ಪೆನ್ನು ಹಿಡಿದು ಕಾಯುತ್ತಿದ್ದರು. ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದೆ, ‘ಬರಕೋತೇವ್ರಿ. ನಿಮ್ಮ ಹೆಸರು ಹೇಳ್ರಿ.’

ಕೇಳಿದ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ. ಆಡಿದ್ರ ನನ್ನ ಹೆಸರು ನಿಜಲಿಂಗಪ್ಪನ ಅಲ್ಲ ಎಂದವರನ್ನು, ಆಡಿದ ಗಳಿಗೆಯಲ್ಲೇ, ಹೆಸರು ಕೇಳಿಬಿಟ್ಟಿದ್ದೆ.

 ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಗುಮಾಸ್ತರ ಕಡೆ ನೋಡಿ ಹೇಳಿದರು.

‘ಆ ಹೆಸರು ಇವತ್ತಿಗೆ ಹೋತ್ರಿ. ಸದಸ್ಯರ ತಂದಿ ಅಂತ ಬರಕೋರಿ.’

ನಡಾವಳಿಯಲ್ಲಿ ಹಾಗೆಯೇ ಬರೆದಿದೆ. ದೀಪವನ್ನು ಇವತ್ತು ಮುಂಜಾನೆ ಹಾಕಿಸಿದೆ, ಸರತಿಯೂ ಅದೇ ಕಂಬಕ್ಕೆ ಬಂದಿತ್ತು. ನೀನು ಲಗೂನೆ ಬಾ. ಅಪ್ಪ ನಿನ್ನೆ ರಾತ್ರಿ ಊಟಕ್ಕೆ ನಮ್ಮಲ್ಲಿಗೇ ಬಂದರು, ಇವತ್ತು ಮಧ್ಯಾಹ್ನವೂ ಬಂದರು, ಒಂದೂವರೆ ವರ್ಷದ ಮಾತನ್ನು ಒಟ್ಟಿಗೇ ಆಡುತ್ತಿದ್ದಾರೆ, ನನಗೊಬ್ಬಳಿಗೆ ಕೇಳಿ ಪೂರೈಸುತ್ತಿಲ್ಲ.

ನಿನ್ನ ಮಗಳು
ಶೈಲಶ್ರೀ, ಸದಸ್ಯೆ